ಬಾಕ್ಸು ಸಾಯುವಾಗ ಹೇಳುವ ಮಾತು

"ನೆಟ್ ಇಲ್ಲ" ಎಂಬ ಎರಡು ಪದಗಳನ್ನು ನನ್ನಷ್ಟು ಸಲ ಕೇಳಿಸಿಕೊಂಡವನು ಕಡೂರು ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಾರ. ಫೋನ್ ಎತ್ತಿದರೆ ಹಲೋ ಇಲ್ಲ, ನಮಸ್ಕಾರ ಇಲ್ಲ, ತಾವು ಯಾರು, ಯಾವ ಊರಿನವರು ಎನ್ನುವುದೂ ಇಲ್ಲ. "ನೆಟ್ ಇಲ್ಲ ಕಣ್ರೀ" ಅಷ್ಟೇ. ಎಲ್ಲಿ ಇಲ್ಲ ಎಂದು ಕೇಳಿದರೆ "ಮನೇಲಿ" ಎನ್ನುತ್ತಾರೆ. ನನಗೆ ಮೊದಲಿನಿಂದಲೂ ಕೋಪ ಮೂಗಿನ ತುದಿಯಲ್ಲೇ. "ಮನೇಲಲ್ದೆ ಇನ್ನೇನು ಹೊಲದಾಗೆ ಹಾಕ್ಕೊಟ್ಟಿದೀವೇನ್ರೀ? ಯಾವೂರು ಹೇಳಿ" ಎಂದು ಗದರಿದ ಮೇಲೆಯೇ ಮುಂದಿನ ಮಾತು. ದೇವನೂರಿನ ಕಡೆಯವರೊಬ್ಬರು ಇದಕ್ಕೆ ಬೇಜಾರಾಗಿ ನಮ್ಮ ಓನರಿಗೆ ದೂರು ಹೇಳಿದ್ದರು. ಓನರ್ ನನ್ನನ್ನು ಕರೆದು, "ಸ್ವಲ್ಪ ನೈಸಾಗಿ ಮಾತಾಡಯ್ಯಾ" ಎಂದರು. ಒಂದು ವಾರ ನೈಸಾಗಿ ಮಾತಾಡಿದೆ. ಗಂಟಲು ನೋವು ಬಂತು.

ನಮ್ಮದು ಮೊದಲು ಕೇಬಲ್ ಟಿವಿ ಕೊಡುತ್ತಿದ್ದ ಸಣ್ಣ ಕಂಪನಿ. ಆಮೇಲೆ ಕಂಬದಿಂದ ಕಂಬಕ್ಕೆ ಫೈಬರ್ ಎಳೆದು ಮನೆಮನೆಗೆ ಇಂಟರ್ನೆಟ್ ಕೊಡಲು ಶುರು ಮಾಡಿದೆವು. ನಾನು ಲೈನ್ ಕೆಲಸದವನು. ಏಣಿಯಿಂದ ಬಿದ್ದು ಮಂಡಿ ಕೆಟ್ಟ ಮೇಲೆ ಓನರ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಕಡೂರಿನಲ್ಲಿ ಸ್ಟೇಷನ್ ಕಡೆಗೆ ಹೋಗುವ ರಸ್ತೆಯ ಹಾರ್ಡ್‌ವೇರ್ ಅಂಗಡಿಯೊಂದರ ಮೇಲೆ ನನ್ನ ಕೋಣೆ. ಸದಾ ಗುಂಯ್‌ಗುಡುವ ಯಂತ್ರಗಳ ಒಂದು ಬೀರು, ಎರಡು ಕಂಪ್ಯೂಟರ್ ಪರದೆ, ಒಂದು ಫೋನು. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ಕಡೆ ನಮ್ಮ ಲೈನ್ ಇರುವ ಪ್ರತಿಯೊಂದು ಮನೆಯೂ ಆ ಪರದೆಯ ಮೇಲೆ ಒಂದೊಂದು ಸಾಲು. ಲೈನ್ ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದನ್ನು ನೋಡುತ್ತ ಕೂರುವುದು ನನ್ನ ಕೆಲಸ.

ನಲ್ಲಿ ತಿರುಗಿಸಿದರೆ ನೀರು ಬರುವ ಹಾಗೆ ಸ್ವಿಚ್ ಹಾಕಿದರೆ ನೆಟ್ ಬರುತ್ತದೆ ಎಂದು ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಕರೆಂಟು ಸಿಕ್ಕ ಕೂಡಲೇ ಮನೆಯಲ್ಲಿರುವ ಬಾಕ್ಸು ಮೊದಲು ಫೈಬರಿನ ಗಾಜಿನ ಎಳೆಯೊಳಗೆ ಬೆಳಕು ಇದೆಯೇ ಎಂದು ಹುಡುಕುತ್ತದೆ. ಬೆಳಕು ಸಿಕ್ಕ ಮೇಲೆ ಒಂದು ಕೂಗು ಹಾಕುತ್ತದೆ: ಯಾರಾದರೂ ಇದ್ದೀರಾ? ಯಾರನ್ನು ಕೇಳಬೇಕೆಂದು ಅದಕ್ಕೆ ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲರಿಗೂ ಕೇಳಿಸುವಂತೆ ಕೂಗುತ್ತದೆ. ನಮ್ಮ ಕಡೆಯ ಯಂತ್ರ, ನಾನಿದ್ದೇನೆ, ನೀನು ಯಾರು ಹೇಳು ಎನ್ನುತ್ತದೆ. ಬಾಕ್ಸು ತನ್ನ ಯೂಸರ್‌ನೇಮ್ ಹೇಳುತ್ತದೆ, ಪಾಸ್‌ವರ್ಡ್ ಹೇಳುತ್ತದೆ. ಹೆಸರು ಸರಿಯೇ, ಪಾಸ್‌ವರ್ಡ್ ಸರಿಯೇ, ಬಾಕ್ಸು ನಾವು ಕೊಟ್ಟದ್ದೇ ಹೌದೇ ಎಂದು ನೋಡಿ ಆಮೇಲೆ ಒಳಗೆ ಬಿಡುವುದು. ಹೆಸರು ಗೊತ್ತಿದೆ ಎಂದು ಬೇರೆ ಬಾಕ್ಸು ತಂದು ಸಿಕ್ಕಿಸಿದರೆ ಬಾಗಿಲು ತೆಗೆಯುವುದಿಲ್ಲ. ಒಳಗೆ ಬಿಟ್ಟ ಮೇಲೂ ಕೈ ತೊಳೆದುಕೊಳ್ಳುವುದಿಲ್ಲ. ಸ್ವಲ್ಪ ಹೊತ್ತಿಗೊಮ್ಮೆ ಯಂತ್ರ ಬಾಕ್ಸನ್ನು ಕೇಳುತ್ತಲೇ ಇರುತ್ತದೆ, ಇದ್ದೀಯಾ? ಬಾಕ್ಸು, ಇದ್ದೇನೆ ಎನ್ನುತ್ತದೆ. ಒಂದೆರಡು ಸಲ ಉತ್ತರ ಬರದಿದ್ದರೆ ಹೋಗಿದೆ ಎಂದು ತಿಳಿದು ಸಾಲನ್ನು ಕೆಂಪು ಮಾಡುತ್ತದೆ. ಇಡೀ ದಿನ ಅವು ಹೀಗೆ ಒಂದನ್ನೊಂದು ವಿಚಾರಿಸಿಕೊಳ್ಳುತ್ತಿರುತ್ತವೆ. ನನ್ನನ್ನು ಹಾಗೆ ವಿಚಾರಿಸುವವರು ಆಗ ಯಾರೂ ಇರಲಿಲ್ಲ.

ನಮ್ಮ ಮನೆಮಾತು ದಖ್ಖನಿ. ಕಡೂರಿಗೆ ನಮ್ಮವರು ಯಾವ ಕಾಲಕ್ಕೆ ಬಂದರೆಂದು ನನ್ನ ಅಜ್ಜನಿಗೂ ಗೊತ್ತಿರಲಿಲ್ಲ. ನಮಗೆ ಮಕ್ಕಳಾಗಲಿಲ್ಲ. ಹೆಂಡತಿ ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ಹೊರಗೆ ಆಡುವುದೆಲ್ಲ ಕನ್ನಡ. ಮನೆಯಲ್ಲಿ ಆಡಲು ಜನ ಇಲ್ಲ. ಶುಕ್ರವಾರ ಮಸೀದಿಯ ಬಾಗಿಲಲ್ಲಿ ಸಲಾಂ ಹೇಳಿ ಒಂದೆರಡು ಮಾತಾಡಿದರೆ ಅಷ್ಟಕ್ಕೆ ಮನೆಮಾತು ಮುಗಿಯಿತು. ಕೆಲವು ಸಲ ಅನ್ನಕ್ಕೆ ಇಟ್ಟು, ಒಲೆಯ ಮುಂದೆ ನಿಂತು, ಸುಮ್ಮನೆ ಜೋರಾಗಿ ಏನಾದರೂ ಹೇಳಿಕೊಳ್ಳುತ್ತಿದ್ದೆ. ಉಪ್ಪು ಎಲ್ಲಿ ಇಟ್ಟೆ ಅಂತಲೋ, ಸೆಕೆ ಜಾಸ್ತಿ ಅಂತಲೋ. ನನ್ನ ದನಿ ನನಗೇ ಯಾರದ್ದೋ ಎನಿಸಿ ನಾಚಿಕೆಯಾಗುತ್ತಿತ್ತು.

ಈಗ ಹೇಳಬೇಕಾದದ್ದು ತರೀಕೆರೆಯ ಒಂದು ಮನೆಯ ವಿಷಯ. ಹಳೇ ಪೇಟೆಯ ಒಳಬೀದಿಯಲ್ಲಿ ಅಕ್ಕತಂಗಿಯರಿಬ್ಬರು ಇದ್ದರು. ಇಬ್ಬರೂ ಮದುವೆಯಾದವರಲ್ಲ. ನನ್ನ ಮಂಡಿ ಚೆನ್ನಾಗಿದ್ದ ಕಾಲದಲ್ಲಿ ಅವರ ಮನೆಗೆ ಲೈನ್ ಎಳೆದು ಕೊಟ್ಟವನು ನಾನೇ. ಅಕ್ಕ ಹಾಸಿಗೆ ಹಿಡಿದಿದ್ದರು. ಮಲಗಿದಲ್ಲಿಂದಲೇ ಟಿವಿಯಲ್ಲಿ ಭಜನೆ, ಅಡುಗೆ ಎಲ್ಲ ನೋಡಲಿ ಎಂದು ತಂಗಿ ನೆಟ್ ಹಾಕಿಸಿದ್ದು. ತಂಗಿಗೂ ಆಗಲೇ ತಲೆ ಪೂರ್ತಿ ಬೆಳ್ಳಗಾಗಿತ್ತು. ಬಾಕ್ಸನ್ನು ಗೋಡೆಗೆ ಹೊಡೆದು ಯೂಸರ್‌ನೇಮ್ ಏನಿಡಲಿ ಎಂದು ಕೇಳಿದೆ. ಹಾಗೆ ಕೇಳಿದರೆ ನಮ್ಮ ಕಡೆಯ ಜನ ಹೇಳುವುದು ಒಂದೇ, "ನೀವೇ ಏನಾದ್ರೂ ಇಟ್ಬಿಡಿ." ಹೀಗಾಗಿ ಮೂರು ಊರಿನ ಮನೆಗಳಿಗೆ ನಾಮಕರಣ ಮಾಡಿದವನು ನಾನೇ. ಮನೆ ಮುಂದೆ ಬೇವಿನ ಮರ ಇದ್ದರೆ ಬೇವು. ಹಿಟ್ಟಿನ ಗಿರಣಿ ಪಕ್ಕದಲ್ಲಿದ್ದರೆ ಗಿರಣಿ. ಕಾಫಿ ಕೂಡ ಕೊಡದೆ ಕಳಿಸಿದ ಒಬ್ಬರಿಗೆ ಬರಗಾಲ ಎಂದೂ ಇಟ್ಟಿದ್ದೇನೆ, ಅವರಿಗೆ ಇವತ್ತಿಗೂ ಗೊತ್ತಿಲ್ಲ. ಈ ಮನೆಗೆ ಅಕ್ಕತಂಗಿ ಎಂದು ಇಟ್ಟೆ.

ಅಕ್ಕ ತೀರಿಕೊಂಡ ಸುದ್ದಿ ನನಗೆ ಬಂದದ್ದು ತಂಗಿಯ ಫೋನಿನಿಂದಲೇ. "ನೆಟ್ ಹೋಗಿದೆ ಸಾರ್, ಟಿವಿ ಬರ್ತಾ ಇಲ್ಲ. ಅಕ್ಕ ಇದ್ದಿದ್ರೆ ಗಲಾಟೆ ಮಾಡಿರೋರು, ಈಗಿಲ್ಲ, ನಿಧಾನವಾಗೇ ಮಾಡಿ" ಎಂದರು. ನಾನು ಗದರಲು ಬಾಯಿ ತೆರೆದಿದ್ದವನು ಮುಚ್ಚಿಕೊಂಡೆ. ಬಾಕ್ಸಿನ ಸ್ವಿಚ್ ಆಫ್ ಮಾಡಿ, ಸ್ವಲ್ಪ ಬಿಟ್ಟು ಆನ್ ಮಾಡಿ, ಮೂರನೇ ಲೈಟು ಮಿಟುಕುವುದು ನಿಂತು ಗಟ್ಟಿಯಾಗಿ ಉರಿಯುವವರೆಗೆ ಕಾಯಿರಿ ಎಂದೆ. ಸಾಮಾನ್ಯವಾಗಿ ಇಷ್ಟು ಹೇಳಿ ಫೋನ್ ಇಟ್ಟುಬಿಡುತ್ತೇನೆ. ಅವತ್ತು ಇಡಲಿಲ್ಲ. ಬಾಕ್ಸು ಬೆಳಕು ಹುಡುಕಿ, ಕೂಗು ಹಾಕಿ, ಹೆಸರು ಹೇಳಿ ಒಳಗೆ ಬರುವಷ್ಟು ಹೊತ್ತು ಇಬ್ಬರೂ ಫೋನ್ ಹಿಡಿದುಕೊಂಡಿದ್ದೆವು. ಸುಮ್ಮನೆ ಹೇಗೆ ಇರುವುದು ಎಂದು ಅವರೇ ಮಾತು ತೆಗೆದರು. ತಾನು ತರೀಕೆರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ಎಂದರು.

ಅಲ್ಲಿಂದ ಅವರ ಲೈನ್ ಆಗಾಗ ಹೋಗತೊಡಗಿತು. ಹೋಗುತ್ತಿದ್ದುದು ಸಂಜೆಯ ಹೊತ್ತು, ಉಳಿದವರ ಫೋನು ಕಡಿಮೆಯಾಗಿ ನಾನು ಟೀ ಕುಡಿಯುವ ವೇಳೆಗೆ. ಮೊದಮೊದಲು ಸಾರ್ ಎನ್ನುತ್ತಿದ್ದವರು ಆಮೇಲೆ "ಏನಪ್ಪಾ, ಮತ್ತೆ ಹೋಯ್ತು ಕಣಪ್ಪಾ" ಎನ್ನತೊಡಗಿದರು. ನಾನು ಅಮ್ಮಾ ಎನ್ನುತ್ತಿದ್ದೆ. ಆಫ್ ಮಾಡಿ, ಆನ್ ಮಾಡಿ, ಕಾಯಿರಿ. ಕಾಯುವ ಹೊತ್ತಿನಲ್ಲಿ ಮಾತು. ಮಾತಾಡುವುದೆಲ್ಲ ಅವರೇ, ನಾನು ಹೂಂಗುಟ್ಟುವವನು. ಲೈಟು ಗಟ್ಟಿಯಾದ ಮೇಲೂ ಕೆಲವು ಸಲ ಮಾತು ಮುಗಿದಿರುತ್ತಿರಲಿಲ್ಲ. ಆಗ ಲೈಟಿನ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

ಕಿವಿಗೆ ಹೆಡ್‌ಫೋನ್ ಹಾಕಿ ಕೈಯಲ್ಲಿ ವೈರು ಸಿಕ್ಕಿಸಿ ಊರೂರನ್ನು ಕೂಡಿಸುತ್ತಿದ್ದ ಕಾಲದ ಕತೆಗಳು ಅವರಲ್ಲಿ ಬೇಕಾದಷ್ಟಿದ್ದವು. ಲಕ್ಕವಳ್ಳಿ ಡ್ಯಾಮಿನ ಕಡೆಯಿಂದ ಮಾತಾಡುವವರು ನೀರಿನ ಸದ್ದಿಗೆ ಅಭ್ಯಾಸವಾಗಿ ಫೋನಿನಲ್ಲೂ ಕಿರುಚುತ್ತಿದ್ದರಂತೆ. ದನಿ ಕೇಳಿಯೇ ಯಾರು, ಯಾವ ಊರು, ಮನೆಯಲ್ಲಿ ಜ್ವರವೋ ಜಗಳವೋ ಎಂದು ತಿಳಿಯುತ್ತಿತ್ತಂತೆ. ಅಜ್ಜಂಪುರದ ಮಂಡಿ ವ್ಯಾಪಾರಿಯೊಬ್ಬರ ವಿಷಯ ಹೇಳಿದ್ದು ನೆನಪಿದೆ. ಆತ ಸಂಜೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರಂತೆ. ಲೈನ್ ಸಿಗುವವರೆಗೆ ಆಪರೇಟರ್ ಹತ್ತಿರ ತರೀಕೆರೆಯಲ್ಲಿ ಮಳೆ ಬಂತಾ, ಕೆರೆಗೆ ನೀರು ಬಂತಾ ಎಂದು ಕೇಳುತ್ತಿದ್ದರಂತೆ. ಇನ್ನೇನು ಲೈನ್ ಸಿಕ್ಕಿತು ಎನ್ನುವಾಗ ಬೇಡ ಬಿಡಿ, ಕ್ಯಾನ್ಸಲ್ ಮಾಡಿ ಎನ್ನುತ್ತಿದ್ದರಂತೆ.

ನಾನು ನಕ್ಕುಬಿಟ್ಟೆ. "ಮಳೆ ಬಂತಾ ಅಂತ ಕೇಳಾಕೆ ಟ್ರಂಕ್ ಕಾಲೇನಮ್ಮಾ? ಏನು ತಲೆ ಕೆಟ್ಟಿತ್ತಾ ಆ ಯಪ್ಪನಿಗೆ?"

"ಮಳೆ ವಿಷಯಕ್ಕಲ್ಲ ಕಣಪ್ಪಾ" ಎಂದರು ಅವರು. ನನಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅವರ ಸಾಲು ಹಸಿರಾಯಿತು.

ಒಂದು ಸಂಜೆ ಹೀಗೆಯೇ ಕಾಯುತ್ತಿದ್ದಾಗ ಅವರು ಇದ್ದಕ್ಕಿದ್ದಂತೆ, "ಖಾನಾ ಹುವಾ ಕ್ಯಾ?" ಎಂದರು. ಎಕ್ಸ್‌ಚೇಂಜಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಗೆಳತಿಯ ಮನೆಮಾತು ದಖ್ಖನಿಯಂತೆ. ಆಕೆಯಿಂದ ಕಲಿತದ್ದು ಇದೊಂದೇ ಸಾಲು, ನಿನ್ನ ದನಿಯಲ್ಲೂ ಅದೇ ಧಾಟಿ ಎಂದು ನಗತೊಡಗಿದರು. ನನಗೆ ನಗು ಬರಲಿಲ್ಲ. ಊಟವಾಯಿತೇ ಎಂದು ನನ್ನನ್ನು ನನ್ನ ಮಾತಿನಲ್ಲಿ ಯಾರಾದರೂ ಕೇಳಿ ಬಹಳ ಕಾಲವಾಗಿತ್ತು. ಸುಮ್ಮನೆ ಹೂಂ ಅಂದೆ. ಅವತ್ತು ಮನೆಗೆ ಹೋಗಿ ಎಷ್ಟೋ ದಿನದ ಮೇಲೆ ಎರಡು ಮೊಟ್ಟೆ ಒಡೆದು ಸರಿಯಾಗಿ ಅಡುಗೆ ಮಾಡಿದೆ. ಆ ಫೋನಿಗಾಗಿ ನಾನು ಕಾಯುತ್ತೇನೆ ಎಂದು ನನಗೆ ಗೊತ್ತಾದದ್ದು ಆಗ.

ಈ ಸುಖ ಓನರ್ ಕಣ್ಣಿಗೆ ಬಿತ್ತು. ಒಂದೇ ಮನೆಯಿಂದ ಇಷ್ಟೊಂದು ಸಲ ಕಂಪ್ಲೇಂಟ್ ಬಂದರೆ ಆಗುವುದಿಲ್ಲ, ಬಾಕ್ಸು ಕೆಟ್ಟಿರಬೇಕು, ಬದಲಾಯಿಸಿಬಿಡು ಎಂದರು. ಲೈನ್‌ಮನ್ ಹೋಗಿ ಬದಲಾಯಿಸಿ ಬಂದ. ನಾನು ಅಕ್ಕತಂಗಿ ಎಂಬ ಹೆಸರಿಗೆ ಹೊಸ ಬಾಕ್ಸಿನ ನಂಬರ್ ಜೋಡಿಸಿದೆ. ಎರಡು ದಿನ ಸುಮ್ಮನಿತ್ತು, ಮೂರನೆಯ ದಿನ ಸಂಜೆ ಮತ್ತೆ ಫೋನು. ಈಗ ನನಗೆ ಛಲ ಬಂತು. ಲೈನ್ ಯಾಕೆ ಹೋಗುತ್ತಿದೆ ಎಂದು ಕಂಡುಹಿಡಿಯಲಾರದವನು ಇಷ್ಟು ವರ್ಷ ಕಂಬ ಹತ್ತಿ ಏನು ಬಂತು? ಹಸಿರು ಕೆಂಪು ತೋರಿಸುವ ಪರದೆ ಬಿಟ್ಟು, ಎರಡನೇ ಪರದೆಯಲ್ಲಿ ಆ ಲೈನಿನ ಹಳೆಯ ದಾಖಲೆಯನ್ನೆಲ್ಲ ತೆಗೆದು ನೋಡಿದೆ. ಎಲ್ಲ ಕಡೆ ಒಂದೇ ಕಾರಣ. ಗ್ಯಾಸ್.

ಗ್ಯಾಸ್ ಎನ್ನುವುದು ನಮ್ಮ ಮೂರು ಊರಿನ ಲೈನ್‌ಮನ್‌ಗಳ ಮಾತು. ಕರೆಂಟು ಹೋದ ಬಾಕ್ಸು ತಟ್ಟನೆ ಸಾಯುವುದಿಲ್ಲ. ಅದರ ಹೊಟ್ಟೆಯಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತಿಗಾಗುವ ಕರೆಂಟು ಉಳಿದಿರುತ್ತದೆ. ಅಷ್ಟರಲ್ಲಿ ಅದು, ನನಗೆ ಕರೆಂಟು ಹೋಯಿತು, ನಾನು ಹೊರಟೆ ಎಂದು ನಮಗೊಂದು ಸುದ್ದಿ ಕಳಿಸಿ ಆರಿಹೋಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಡೈಯಿಂಗ್ ಗ್ಯಾಸ್ಪ್ ಎಂದು ಹೆಸರು. ಸಾಯುವಾಗಿನ ಕೊನೆಯುಸಿರು. ನಮ್ಮವರ ಬಾಯಿಗೆ ಸಿಕ್ಕಿ ಅದು ಗ್ಯಾಸ್ ಆಯಿತು. ಗ್ಯಾಸ್ ಬಂದಿದ್ದರೆ ಕರೆಂಟು ಹೋಗಿದೆ, ಏಳಬೇಕಾಗಿಲ್ಲ. ಗ್ಯಾಸ್ ಬರದೆ ಕೆಂಪಾಗಿದ್ದರೆ ಫೈಬರೇ ತುಂಡಾಗಿದೆ, ಏಣಿ ತೆಗೆದುಕೊಂಡು ಹೊರಡಬೇಕು. ತುಂಡಾದ ಲೈನಿನ ಬಾಕ್ಸು ಏನೂ ಹೇಳುವುದಿಲ್ಲ. ಹೇಳಿದರೂ ನಮಗೆ ಮುಟ್ಟುವುದಿಲ್ಲ. ನನ್ನ ಹೆಂಡತಿ ಹೋಗುವಾಗ ಏನಾದರೂ ಹೇಳಿದಳೋ ಇಲ್ಲವೋ. ನಾನು ಲಕ್ಕವಳ್ಳಿಯಲ್ಲಿ ಕಂಬದ ಮೇಲಿದ್ದೆ.

ಅಕ್ಕತಂಗಿ ಮನೆಯದು ಪ್ರತಿ ಸಲವೂ ಗ್ಯಾಸ್. ಆದರೆ ಅದೇ ಹೊತ್ತಿನಲ್ಲಿ ಅದೇ ಕಂಬದ ಪೆಟ್ಟಿಗೆಯಿಂದ ಲೈನ್ ಪಡೆದ ಅಕ್ಕಪಕ್ಕದ ಮನೆಗಳೆಲ್ಲ ಹಸಿರು. ಅಂದರೆ ಬೀದಿಯಲ್ಲಿ ಕರೆಂಟು ಇದೆ, ಇವರ ಬಾಕ್ಸಿಗೆ ಮಾತ್ರ ಇಲ್ಲ. ಪ್ಲಗ್ ಸಡಿಲವಾಗಿದ್ದರೆ ಹಗಲೂ ಹೋಗಬೇಕಿತ್ತು. ಹಾಗಾದರೆ ಯಾರೋ ಕೈಯಿಂದಲೇ ಸ್ವಿಚ್ ಆಫ್ ಮಾಡುತ್ತಿದ್ದಾರೆ. ಮನೆಗೆಲಸಕ್ಕೆ ಬರುವವರು ಯಾರೋ ಮೊಬೈಲ್ ಚಾರ್ಜಿಗೆ ಹಾಕಲು ಕಿತ್ತುಹಾಕುತ್ತಾರೆ ಎಂದು ತೀರ್ಮಾನ ಮಾಡಿದೆ. ಎಂಥ ಖುಷಿ ನನಗೆ! ಕಾಯಿಲೆ ಸಿಕ್ಕಿಬಿದ್ದಿತ್ತು. ಸಂಜೆ ಫೋನು ಬರುವುದನ್ನೇ ಕಾದೆ.

ಬಂತು. "ಏನಪ್ಪಾ, ಮತ್ತೆ ಹೋಯ್ತು ನೋಡು."

"ಗೊತ್ತಾಯ್ತು ಬಿಡಿ ಅಮ್ಮಾ. ನಿಮ್ಮನೇದು ಗ್ಯಾಸ್."

"ಗ್ಯಾಸಾ?" ಅವರಿಗೆ ಗಾಬರಿಯಾಯಿತು. "ಸಿಲಿಂಡರ್ ಬಂದ್ ಮಾಡಿದೀನಲ್ಲಪ್ಪಾ. ವಾಸ್ನೆ ಏನೂ ಬರ್ತಾ ಇಲ್ವಲ್ಲ. ತಡಿ, ನೋಡ್ಕೊಂಡ್ ಬತ್ತೀನಿ." ಫೋನ್ ಕೆಳಗಿಟ್ಟು ಅಡುಗೆಮನೆಗೆ ಹೋದರು. ಕಿಟಕಿ ತೆಗೆದ ಸದ್ದು ಕೇಳಿಸಿತು. ನಾನು ಒಬ್ಬನೇ ಕೂತು ಬಿದ್ದು ಬಿದ್ದು ನಕ್ಕೆ.

ವಾಪಸ್ ಬಂದ ಮೇಲೆ ವಿವರಿಸಿದೆ. ಆ ಗ್ಯಾಸ್ ಅಲ್ಲಮ್ಮಾ, ಬಾಕ್ಸಿನ ಗ್ಯಾಸ್. ಕರೆಂಟು ಹೋದ ಕೂಡಲೇ ಬಾಕ್ಸು ಸಾಯುವ ಮೊದಲು ನಮಗೆ ಹೇಳಿ ಸಾಯುತ್ತದೆ. ಫೈಬರ್ ಹೋಯಿತೋ, ಕರೆಂಟು ಹೋಯಿತೋ, ಇಲ್ಲಿ ಕೂತೇ ಗೊತ್ತಾಗುತ್ತದೆ. ನಾನು ವಿದ್ಯೆ ತೋರಿಸುವ ಹುಮ್ಮಸ್ಸಿನಲ್ಲಿದ್ದೆ. ಅವರು ಎಲ್ಲ ಕೇಳಿಸಿಕೊಂಡು, "ಅಂದ್ರೆ ಸ್ವಿಚ್ ಆಫ್ ಮಾಡಿದ್ದೂ ನಿಂಗೆ ಅಲ್ಲಿ ಕಾಣುತ್ತಾ?" ಎಂದು ಮೆಲ್ಲಗೆ ಕೇಳಿದರು.

"ಕಾಣ್ದೆ ಏನಮ್ಮಾ! ನಿಮ್ಮ ಬೀದೀಲಿ ಎಲ್ರಿಗೂ ಕರೆಂಟ್ ಐತೆ. ನಿಮ್ಮನೇಲಿ ಯಾರೋ ದಿನಾ ಸ್ವಿಚ್ ಆಫ್ ಮಾಡ್ತಾವ್ರೆ. ಯಾರು ಅಂತ ನೋಡಿ, ಚೆನ್ನಾಗಿ ಬೈದು ಬಿಡಿ."

ಲೈನ್ ಹೋಯಿತೇನೋ ಎಂದು ಹಲೋ ಹಲೋ ಅಂದೆ.

"ಮನೇಲಿ ಯಾರಿದಾರಪ್ಪಾ" ಎಂದರು. "ನಾನೊಬ್ಳೇ."

ನನಗೆ ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. "ಇಷ್ಟು ದಿನ ಸುಮ್ನೆ ತೊಂದ್ರೆ ಕೊಟ್ಟೆ ಸಾರ್ ನಿಮ್ಗೆ. ಇಡ್ತೀನಿ" ಎಂದರು. ಸ್ವಿಚ್ ಒತ್ತಿದ ಟಿಕ್ ಎಂಬ ಸದ್ದು, ಆಮೇಲೆ ಫೋನ್ ಇಟ್ಟ ಸದ್ದು. ಅಪ್ಪಾ ಎನ್ನುತ್ತಿದ್ದವರ ಬಾಯಲ್ಲಿ ಮತ್ತೆ ಸಾರ್ ಆಗಿಬಿಟ್ಟಿದ್ದೆ. ಪರದೆಯ ಮೇಲೆ ಅಕ್ಕತಂಗಿ ಎಂಬ ಸಾಲು ನಾನು ಏನೂ ಹೇಳದೆಯೇ ತಾನಾಗಿ ಹಸಿರಾಯಿತು.

ಆಮೇಲೆ ಆ ಸಾಲು ಕೆಂಪಾಗಲಿಲ್ಲ. ಮಳೆಗಾಲ ಬಂತು, ತರೀಕೆರೆಯಲ್ಲಿ ಕರೆಂಟು ಹೋಗಿ ಬಂದು ಮಾಡಿತು. ಬೀದಿಗೆ ಬೀದಿಯೇ ಗ್ಯಾಸ್ ಆಗಿ, ಕರೆಂಟು ಬಂದ ಮೇಲೆ ಎಲ್ಲರ ಜೊತೆ ಅವರ ಬಾಕ್ಸೂ ತಾನಾಗಿ ಎದ್ದು ಕೂತಿತು. ಅದು ಬಿಟ್ಟರೆ ಸಂಜೆಯಾದರೂ ಹಸಿರು, ಬೆಳಿಗ್ಗೆಯಾದರೂ ಹಸಿರು. "ಏನ್ ಮಾಡ್ದಯ್ಯಾ ಆ ಲೈನಿಗೆ, ಕಂಪ್ಲೇಂಟೇ ಇಲ್ಲ" ಎಂದು ಓನರ್ ಬೆನ್ನು ತಟ್ಟಿದರು. ನನಗೆ ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ ಹೇಳುವಂತಿಲ್ಲ. ಹಸಿರು ಬಣ್ಣವನ್ನೇ ಕಂಡರೆ ಆಗದ ಹಾಗಾಯಿತು. ಸಂಜೆಯ ಟೀ ಮುಂದಿಟ್ಟುಕೊಂಡು ಫೋನನ್ನೇ ನೋಡುತ್ತಿದ್ದೆ. ಅದು ಬಡಿದುಕೊಂಡರೆ ದೇವನೂರಿನ ಕಡೆಯ ಯಾರದ್ದೋ "ನೆಟ್ ಇಲ್ಲ ಕಣ್ರೀ." ಅವರ ಮೇಲೆ ಹಾರಾಡುತ್ತಿದ್ದೆ.

ನಾನೇ ಫೋನ್ ಮಾಡಬಹುದಲ್ಲ ಎಂದು ಅನಿಸದೆ ಇರಲಿಲ್ಲ. ಏನೆಂದು ಮಾಡುವುದು? ಲೈನ್ ಕೆಟ್ಟರೆ ಅವರು ನಮಗೆ ಮಾಡಬೇಕು. ಕೆಡದಿದ್ದರೆ ನಾವು ಅವರಿಗೆ ಮಾಡುವ ರೂಢಿಯೇ ಇಲ್ಲ. ನಂಬರ್ ಒತ್ತಿ, ಏನು ಹೇಳಲಿ ಎಂದು ತೋಚದೆ ಅಳಿಸುತ್ತಿದ್ದೆ. ಅವರಿಗೂ ಮೊದಮೊದಲು ಹೀಗೆಯೇ ಆಗಿರಬೇಕು, ಅದಕ್ಕೇ ಸ್ವಿಚ್ಚಿಗೆ ಕೈ ಹಾಕಿದ್ದು ಎಂದು ಹೊಳೆದದ್ದು ಆಗಲೇ. ನಾನು ಆ ದಾರಿಗೇ ಬೇಲಿ ಹಾಕಿ ಬೀಗುತ್ತ ಕೂತಿದ್ದೆ.

ಮಳೆ ಸ್ವಲ್ಪ ಬಿಟ್ಟಾಗ ಅಮೃತಾಪುರದಲ್ಲಿ ಒಂದು ಕಂಬದ ಪೆಟ್ಟಿಗೆಗೆ ನೀರು ನುಗ್ಗಿತು. ಲೈನ್‌ಮನ್‌ಗಳಿಬ್ಬರೂ ಒಂದೇ ಮದುವೆಗೆ ಹೋಗಿದ್ದರಿಂದ ಕುಂಟುತ್ತ ನಾನೇ ಹೊರಟೆ. ಕೆಲಸ ಮುಗಿಸಿ ಬರುವಾಗ ತರೀಕೆರೆಯಲ್ಲಿ ಇಳಿದು ಕಡೂರಿನ ಬಸ್ ಹಿಡಿಯಬೇಕಿತ್ತು. ಬಸ್ ಹಿಡಿಯಲಿಲ್ಲ. ಹಳೇ ಪೇಟೆಯ ಕಡೆ ನಡೆದೆ. ಅವರ ಬೀದಿಯ ಬಾಯಿಯಲ್ಲಿ ನಿಂತು ನೋಡಿದೆ. ಜಗುಲಿಯ ತಂತಿಯ ಮೇಲೆ ಒಂದೇ ಒಂದು ಸೀರೆ ಒಣಗುತ್ತಿತ್ತು. ಕಿಟಕಿಯಿಂದ ಟಿವಿಯ ಸದ್ದು ಬರುತ್ತಿತ್ತು. ಭಜನೆ. ಬಾಗಿಲು ತಟ್ಟಿದರೆ ಲೈನ್ ಚೆಕ್ ಮಾಡಲು ಬಂದೆ ಎನ್ನಬಹುದಿತ್ತು. ಆದರೆ ಲೈನಿಗೆ ಏನೂ ಆಗಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ನನ್ನನ್ನು ಕಂಡರೆ ಅವರಿಗೆ ಇನ್ನಷ್ಟು ನಾಚಿಕೆಯಾದೀತು ಎಂದು ಹಿಂದಕ್ಕೆ ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಬೀರೂರು ಬರುವವರೆಗೂ ಕಣ್ಣು ಒರೆಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದವರು ಗಾಳಿಗೆ ಧೂಳು ಎಂದುಕೊಂಡು ಕಿಟಕಿ ಎಳೆದರು.

ಇದಾದ ಕೆಲವು ದಿನಕ್ಕೆ ತೆಂಗಿನ ಸಿಪ್ಪೆ ಎತ್ತರಕ್ಕೆ ಹೇರಿಕೊಂಡಿದ್ದ ಲಾರಿಯೊಂದು ಬೀರೂರು ದಾಟಿ ಹೋಗುವಾಗ ರಸ್ತೆಗೆ ಅ‌ಡ್ಡವಾಗಿದ್ದ ನಮ್ಮ ಕೇಬಲ್ಲನ್ನು ಸಿಕ್ಕಿಸಿಕೊಂಡು ಎಳೆದುಕೊಂಡು ಹೋಯಿತು. ತರೀಕೆರೆಗೆ ಹೋಗುವ ಲೈನ್ ಅದೊಂದೇ. ಪರದೆಯ ಅರ್ಧ ಭಾಗ ಒಂದೇ ಸಲ ಕೆಂಪಾಯಿತು. ಗ್ಯಾಸ್ ಇಲ್ಲ, ಏನಿಲ್ಲ. ಲೈನ್‌ಮನ್‌ಗಳನ್ನು ಓಡಿಸಿದೆ. ಕೂಡಲೇ ಫೋನು ಶುರುವಾಯಿತು. ಅಂಗಡಿಯವರು, ಬ್ಯಾಂಕಿನವರು, ಆನ್‌ಲೈನ್ ಪರೀಕ್ಷೆಗೆ ಕೂತ ಮಕ್ಕಳ ತಂದೆತಾಯಿ, ಕ್ರಿಕೆಟ್ ನೋಡುವವರು. ಒಬ್ಬರು ನನ್ನ ಅಪ್ಪನನ್ನೂ ಎಳೆದು ತಂದು ಬೈದರು. ತರೀಕೆರೆಯಲ್ಲಿ ನಮ್ಮ ಲೈನ್ ಇರುವ ಯಾವ ಮನೆಯೂ ಬಾಕಿ ಇರಲಿಲ್ಲವೇನೋ ಎನಿಸಿತು. ವಿಚಿತ್ರವೆಂದರೆ ಅವತ್ತು ನನಗೆ ಯಾರ ಮೇಲೂ ಕೋಪ ಬರಲಿಲ್ಲ. ಪ್ರತಿ ಸಲ ಫೋನ್ ಎತ್ತುವಾಗಲೂ ಇದು ಅವರದ್ದಿರಬಹುದು ಎಂದು ಮೆತ್ತಗೆ "ಹೇಳಿ" ಎನ್ನುತ್ತಿದ್ದೆ. ಈ ಸಲ ಅವರ ಹತ್ತಿರ ನಿಜವಾದ ಕಾರಣವೇ ಇತ್ತು. ಸ್ವಿಚ್ ಮುಟ್ಟುವ ಅಗತ್ಯವಿಲ್ಲ, ನಾಚಿಕೆಪಡುವಂಥದ್ದೂ ಇಲ್ಲ. ಮಾಡೇ ಮಾಡುತ್ತಾರೆ ಎಂದುಕೊಂಡೆ.

ಮಾಡಲಿಲ್ಲ. ಮಧ್ಯಾಹ್ನವಾಯಿತು, ಟೀ ಹೊತ್ತಾಯಿತು. ಎಲ್ಲರೂ ಮಾಡಿದರು, ಅವರು ಮಾಡಲಿಲ್ಲ.

ಸಂಜೆ ಕೇಬಲ್ ಜೋಡಣೆ ಮುಗಿಯಿತು. ಎಳೆಯೊಳಗೆ ಮತ್ತೆ ಬೆಳಕು ಓಡಿದ ಕೂಡಲೇ ತರೀಕೆರೆಯ ಅಷ್ಟೂ ಬಾಕ್ಸುಗಳು ಒಟ್ಟಿಗೇ ಕೂಗು ಹಾಕಿದವು. ಒಂದೇ ಸಲ ಅಷ್ಟು ಜನ ಬಾಗಿಲಿಗೆ ಬಂದರೆ ನಮ್ಮ ಯಂತ್ರ ಒಬ್ಬೊಬ್ಬರನ್ನೇ ವಿಚಾರಿಸಿ ಒಳಗೆ ಬಿಡುತ್ತದೆ. ಬೇವು ಹಸಿರಾಯಿತು, ಗಿರಣಿ ಹಸಿರಾಯಿತು, ಬರಗಾಲ ಕೂಡ ಹಸಿರಾಯಿತು. ಅಕ್ಕತಂಗಿ ಕೊನೆಯ ಕಡೆಗೆ ಬಂತು. ಅದನ್ನು ನೋಡಿದವನೇ ಯೋಚನೆ ಮಾಡದೆ ನಂಬರ್ ಒತ್ತಿದೆ. ಯೋಚನೆ ಮಾಡಿದ್ದರೆ ಅವತ್ತೂ ಅಳಿಸುತ್ತಿದ್ದೆ.

"ಅಮ್ಮಾ, ಕಡೂರಿಂದ ನಾನು."

"ಗೊತ್ತಾಯ್ತು, ಹೇಳಿ ಸಾರ್. ಬಂದಿದೆ, ಲೈಟು ಗಟ್ಟಿಯಾಗೇ ಉರೀತಿದೆ."

"ಬೆಳಗಿಂದ ಇರ್ಲಿಲ್ವಲ್ಲಮ್ಮಾ. ಊರೆಲ್ಲ ಫೋನ್ ಮಾಡ್ತು. ನೀವ್ಯಾಕೆ ಮಾಡ್ಲಿಲ್ಲ?"

ಅವರು ಹೇಳಿದರು, "ಇವತ್ತು ನಿಜವಾಗ್ಲೂ ಹೋಗಿತ್ತಲ್ಲ ಸಾರ್. ನಿಜವಾಗ್ಲೂ ಹೋದಾಗ ನಾನು ಯಾವತ್ತು ಮಾಡಿದೀನಿ?"

ನಾನು ಪರದೆಯ ಮೇಲಿನ ಆ ಹಸಿರು ಸಾಲನ್ನೇ ನೋಡುತ್ತ ಕೂತೆ. ಅವರಿಗೆ ಆತಂಕವಾಯಿತೇನೋ, "ಯಾಕೆ, ನನ್ನ ಲೈನಲ್ಲಿ ಏನಾದ್ರೂ ತೊಂದ್ರೆ ಕಾಣ್ತಾ ಇದೆಯಾ? ನಾನಂತೂ ಏನೂ ಮುಟ್ಟಿಲ್ಲ" ಎಂದರು.

"ಇಲ್ಲಮ್ಮಾ. ನಿಮ್ಮ ಲೈನ್ ಚೆನ್ನಾಗೈತೆ" ಎಂದೆ. "ತೊಂದ್ರೆ ನಮ್ಮ ಕಡೇದು."

"ಏನಂತೆ?"

ಅಷ್ಟು ದಿನ ಅವರ ಕತೆಗೆಲ್ಲ ಹೂಂಗುಟ್ಟಿದ್ದೆ, ನನ್ನದೊಂದನ್ನೂ ಹೇಳಿರಲಿಲ್ಲ. ಅವರೂ ಕೇಳಿರಲಿಲ್ಲ. "ನಮ್ಮನೇಲೂ ನಾನೊಬ್ನೇ ಅಮ್ಮಾ" ಎಂದೆ.

ಆ ಕಡೆ ಟಿವಿಯ ಸದ್ದು ನಿಂತಿತು. ನೆಲದ ಮೇಲೆ ಕುರ್ಚಿ ಎಳೆದುಕೊಂಡು ಕೂತದ್ದು ಕೇಳಿಸಿತು.

"ಹೇಳಪ್ಪಾ" ಎಂದರು.